ಬಣ್ಣ ಕೆರೆದಾಗ ಕಂಡದ್ದು

ಎಷ್ಟೋ ಮನೆಗಳಲ್ಲಿ ಒಂದು ಹಳೆ ಸೈಕಲ್ ಇರುತ್ತದೆ. ಅಜ್ಜನದೋ ಮಾವನದೋ ಆಗಿರುತ್ತದೆ. ಒಂದಲ್ಲ ಒಂದು ಸಲ ಎಲ್ಲಿಗಾದರೂ ಗುದ್ದಿರುತ್ತದೆ. ಇದನ್ನು ಓಡಿಸಬಹುದೇ ಎಂದು ಕೇಳಿದರೆ ಮನೆಯ ಯಜಮಾನರು ಸೀಟಿನ ಮೇಲೆ ಎರಡು ಸಲ ತಟ್ಟಿ, ಇದಕ್ಕೇನಾಗಿದೆ, ನನ್ನ ಮೊಮ್ಮಕ್ಕಳ ಕಾಲಕ್ಕೂ ಬರುತ್ತದೆ ಎನ್ನುತ್ತಾರೆ. ಸೀಟು ತಟ್ಟಿದರೆ ಸೈಕಲ್ಲಿನ ಆರೋಗ್ಯ ತಿಳಿಯುತ್ತದೆ ಎಂದು ಅವರಿಗೆ ಯಾರು ಹೇಳಿಕೊಟ್ಟರೋ, ಆ ಮಹಾನುಭಾವರನ್ನು ನಾವಂತೂ ಕಂಡಿಲ್ಲ.

ಅಂಗಡಿಗಳಿಗೆ ಬೋರ್ಡ್ ಬರೆಯುವ ಪೇಂಟರ್ ಒಬ್ಬನ ಮನೆಯಲ್ಲೂ ಅಂಥದೊಂದು ಸೈಕಲ್ ಇತ್ತು. ಅದು ಅವನ ಅಪ್ಪನದು. ಅಪ್ಪ ಅಂಚೆ ಕಚೇರಿಯಲ್ಲಿದ್ದವರು, ಆ ಸೈಕಲ್ ಮೇಲೆ ಊರಿಗೆಲ್ಲ ತಂತಿ ಹಂಚಿದವರು. ಮುಂದುಗಡೆ ಹಿತ್ತಾಳೆಯ ಬಿಲ್ಲೆ, ಪೈಪುಗಳು ಒಂದಕ್ಕೊಂದು ಕೂಡುವಲ್ಲಿ ಎಲೆಯ ಆಕಾರದ ಕುಸುರಿ. ಈಗ ಅಂಥ ಸೈಕಲ್ ಎಲ್ಲೂ ತಯಾರಾಗುವುದಿಲ್ಲ. ಹಳೆ ಸೈಕಲ್ ಹುಚ್ಚಿನವರು ಅದನ್ನು ಕೇಳಿಕೊಂಡು ಬರುವುದಿತ್ತು. ಪೇಂಟರ್ ಅವರನ್ನು ಹೊಸ್ತಿಲು ದಾಟಲೂ ಬಿಡದೆ ವಾಪಸ್ ಕಳಿಸುತ್ತಿದ್ದ. ಅಪ್ಪ ಬಿಟ್ಟುಹೋದದ್ದು ಅದೊಂದೇ.

ಪೇಂಟರ್ ಮಗಳಿಗೆ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ಎದ್ದು ಓಡಾಡಲಾಗದ ರೋಗಿಗಳ ಮನೆಗೆ ಹೋಗಿ, ರಕ್ತದ ಮಾದರಿ ತೆಗೆದು, ತಣ್ಣನೆಯ ಪೆಟ್ಟಿಗೆಯಲ್ಲಿಟ್ಟುಕೊಂಡು ಹೊತ್ತಿಗೆ ಸರಿಯಾಗಿ ಆಸ್ಪತ್ರೆ ಮುಟ್ಟಿಸುವ ಕೆಲಸ. ಅವರ ಬೀದಿ ಇದ್ದದ್ದು ದಿಬ್ಬದ ಮೇಲೆ. ಅಲ್ಲಿಂದ ಆಸ್ಪತ್ರೆಗೆ ಒಂದೇ ದಾರಿ, ಅದೂ ನೇರ ಇಳಿಜಾರು. ಇಳಿಜಾರು ಮುಗಿಯುವ ಕಡೆ ಲಾರಿಗಳು ಓಡಾಡುವ ದೊಡ್ಡ ರಸ್ತೆ ಅಡ್ಡ ಬರುತ್ತದೆ. ಮಗಳು ಸೋಮವಾರ ಕೆಲಸಕ್ಕೆ ಸೇರಬೇಕಿತ್ತು. ಅವಳು ತಾತನ ಸೈಕಲ್ ಮೇಲೆಯೇ ಹೋಗಬೇಕೆಂದು ಪೇಂಟರ್ ಹಠ ಹಿಡಿದ. ಅವನು ಒಂದು ಸಲ ಪಟ್ಟು ಹಿಡಿದರೆ ಬಿಡಿಸುವವರು ಇನ್ನೂ ಹುಟ್ಟಿರಲಿಲ್ಲ.

ಎಂಟು ದಿನ ಅವನು ಬೇರೆ ಕೆಲಸ ಮುಟ್ಟಲಿಲ್ಲ. ಮುಂದಿನ ಕೋಣೆಯಲ್ಲಿ ಹಳೆ ಪೇಪರ್ ಹಾಸಿ, ಸೈಕಲ್ಲನ್ನು ತೊಲೆಯಿಂದ ಹಗ್ಗದಲ್ಲಿ ಇಳಿಬಿಟ್ಟು ಬಣ್ಣ ಬಳಿದ. ಕಡುಹಸಿರು ಬಣ್ಣ ಮೂರು ಕೈ. ಪೈಪುಗಳ ಉದ್ದಕ್ಕೂ ಕೂದಲೆಳೆಯಂಥ ಚಿನ್ನದ ಗೆರೆ. ಎಲೆ ಕುಸುರಿಯ ಒಂದೊಂದು ಅಂಚಿಗೂ ಉಸಿರು ಬಿಗಿಹಿಡಿದು ಗೆರೆ ಎಳೆದ. ಮನೆಯವರು ಎಂಟು ದಿನ ಹಿತ್ತಲ ಬಾಗಿಲಿನಿಂದ ಓಡಾಡಿದರು. ಹೆಂಡತಿ ಗೊಣಗಿದರೆ, ಧೂಳು ಕೂತರೆ ಯಾರು ಹೊಣೆ ಎಂದು ಅವನೇ ಜೋರು ಮಾಡಿದ. ಕೊನೆಗೆ ಸೈಕಲ್ ನಿಜಕ್ಕೂ ಚೆನ್ನಾಗಿ ಕಂಡಿತು. ಅದರಲ್ಲಿ ಎರಡು ಮಾತಿಲ್ಲ.

ಆದರೆ ಅವನು ಮನೆಯಲ್ಲಿ ಒಂದು ವಿಷಯ ಹೇಳಿರಲಿಲ್ಲ. ನಾಲ್ಕು ತಿಂಗಳ ಹಿಂದೆ ಅವನು ಏಣಿ ಹೆಗಲಿಗೇರಿಸಿಕೊಂಡು ಅದೇ ಸೈಕಲ್ ಮೇಲೆ ಬರುತ್ತಿದ್ದ. ಔಷಧಿ ಅಂಗಡಿಗೆ ಬೇರೆ ಯಾರೋ ಹೊಸ ಬೋರ್ಡ್ ಬರೆದಿದ್ದರು. ಶುರುವಿನ ಅಕ್ಷರಗಳು ಆಳುದ್ದ, ಕೊನೆಗೆ ಜಾಗ ಸಾಲದೆ ಉಳಿದವೆಲ್ಲ ಇಷ್ಟಿಷ್ಟೇ ಆಗಿ ಒಂದರ ಮೇಲೊಂದು ಕೂತಿದ್ದವು. ಪೇಂಟರ್‌ಗೆ ಆದ ಖುಷಿ ಅಷ್ಟಿಷ್ಟಲ್ಲ. ತಿರುಗಿ ತಿರುಗಿ ನೋಡಿ ನಗುತ್ತಾ ಹೋದವನು ಸೇತುವೆಯ ಕಲ್ಲುಕಂಬಕ್ಕೆ ನೆಟ್ಟಗೆ ಗುದ್ದಿದ. ಏಣಿ ಒಂದು ಕಡೆ, ಅವನು ಒಂದು ಕಡೆ. ಮುಂದಿನ ಚಕ್ರ ಸೊಟ್ಟಗಾಯಿತು.

ಬೇರೆಯವರ ಬೋರ್ಡ್ ನೋಡಿ ನಗಲು ಹೋಗಿ ಬಿದ್ದೆ ಎಂದು ಯಾವ ಬಾಯಿಂದ ಹೇಳುವುದು? ಮನೆಯಲ್ಲಿ ಅವನು ಮಂಡಿ ತರಚಿದ್ದಕ್ಕೆ ಏಣಿಯನ್ನು ದೂರಿದ. ಚಕ್ರವನ್ನು ಊರಾಚೆಯ ಒಂದು ಅಂಗಡಿಯಲ್ಲಿ ಬದಲಾಯಿಸಿಕೊಂಡ. ಹತ್ತಿರದಲ್ಲೇ ನಾದಿನಿಯ ಸೈಕಲ್ ರಿಪೇರಿ ಅಂಗಡಿ ಇತ್ತು, ಆದರೆ ಅವಳು ಪ್ರಶ್ನೆ ಕೇಳುತ್ತಾಳೆ. ಆಮೇಲೆ ಮೂರು ತಿಂಗಳು ಬಣ್ಣದ ಡಬ್ಬಿಗಳನ್ನು ಹೇರಿಕೊಂಡು ಏನೂ ಆಗದವನಂತೆ ಓಡಿಸಿದ.

ಬಣ್ಣ ಬಳಿಯಲು ಸೈಕಲ್ ತೂಗುಹಾಕಿದಾಗ ಅವನು ಒಂದನ್ನು ಕಂಡಿದ್ದ. ಹ್ಯಾಂಡಲ್ ಕೂತಿರುವ ಮುಂದಿನ ಗಿಡ್ಡ ಪೈಪಿನಿಂದ ಪೆಡಲ್ ಕಡೆಗೆ ಒಂದು ಪೈಪು ಇಳಿಯುತ್ತದಲ್ಲ, ಅದರ ಅಡಿಯಲ್ಲಿ, ಜೋಡಣೆಯಿಂದ ಎರಡು ಬೆರಳು ಹಿಂದೆ, ಹಳೆ ಬಣ್ಣ ಅಡ್ಡಕ್ಕೆ ಸೀಳಿತ್ತು. ಉಗುರುದ್ದದ ಸೀಳು. ಅದರ ಪಕ್ಕ ಸಣ್ಣ ಉಬ್ಬು. ಬಿರುಕು ಕಂಡರೆ ಪುಟ್ಟಿ ತುಂಬಬೇಕು ಎನ್ನುವುದು ಪೇಂಟರ್ ಕೈಗೆ ಮೂವತ್ತು ವರ್ಷದ ಅಭ್ಯಾಸ. ಗೋಡೆಯಾಗಲಿ ಬಾಗಿಲಾಗಲಿ ಅವನು ಯೋಚಿಸುವ ಮೊದಲೇ ಕೈ ಕೆಲಸ ಮುಗಿಸಿರುತ್ತದೆ. ಇಲ್ಲೂ ಹಾಗೇ ಆಯಿತು. ಸೀಮೆಸುಣ್ಣದ ಪುಡಿಯನ್ನು ಎಣ್ಣೆಯಲ್ಲಿ ಕಲಸಿ ತುಂಬಿದ, ಒಣಗಿದ ಮೇಲೆ ಉಪ್ಪುಕಾಗದದಲ್ಲಿ ತಿಕ್ಕಿ ನುಣುಪು ಮಾಡಿದ, ಮೇಲೆ ಬಣ್ಣ ಬಳಿದ. ಬೆಂಕಿಪೊಟ್ಟಣ ತೆಗೆದಷ್ಟೇ ಸಲೀಸಾಗಿ ಮುಗಿದುಹೋಯಿತು.

ಶನಿವಾರ ಮಧ್ಯಾಹ್ನ ನಾದಿನಿ ಬಂದಳು. ಬ್ರೇಕ್ ಸರಿ ಮಾಡಿಕೊಡು ಎಂದು ಪೇಂಟರ್ ಹೆಂಡತಿಯೇ ತಂಗಿಯನ್ನು ಕರೆಸಿದ್ದಳು. ನಾದಿನಿ ಸೈಕಲ್ ಕೆಲಸ ಕಲಿತದ್ದು ತನ್ನ ಗಂಡನ ತಂದೆಯ ಕೈಕೆಳಗೆ. ಮಾವ ತೀರಿಕೊಂಡ ಮೇಲೆ ಅಂಗಡಿಯನ್ನು ಅವಳೇ ನಡೆಸುತ್ತಿದ್ದಳು. ಅವಳ ಪರ್ಸಿನಲ್ಲೂ ಸ್ಪ್ಯಾನರ್ ಇರುತ್ತಿತ್ತಾದ್ದರಿಂದ ಪೇಂಟರ್ ಅವಳಿಗೆ ಸ್ಪ್ಯಾನರಮ್ಮ ಎಂದು ಹೆಸರಿಟ್ಟಿದ್ದ. ಅವಳೂ ಅದಕ್ಕೆ ಓಗೊಡುತ್ತಿದ್ದಳು.

ಬಣ್ಣ ನೋಡಿ ಅವಳು ಮನಸಾರೆ ಹೊಗಳಿದಳು. ಪೇಂಟರ್ ಮೀಸೆಯಡಿಯಲ್ಲೇ ನಕ್ಕ. ಆಮೇಲೆ ಅವಳು ಸೈಕಲ್ಲನ್ನು ತಲೆಕೆಳಗು ಮಾಡಿ ನಿಲ್ಲಿಸಿ, ಬ್ರೇಕ್ ಮುಟ್ಟುವ ಮೊದಲು ಒಂದೊಂದೇ ಪೈಪಿನ ಮೇಲೆ ಬೆರಳಾಡಿಸತೊಡಗಿದಳು. ಹಳೆ ಸೈಕಲ್ ಬಂದರೆ ಅವಳು ಮೊದಲು ಮಾಡುವುದು ಅದನ್ನೇ. ಮೇಲಿನ ಪೈಪಿನ ನಡುವೆ ಒಂದು ನೆಗ್ಗು ಇತ್ತು. ಪೇಂಟರ್ ಅದನ್ನು ತಾನಾಗಿಯೇ ತೋರಿಸಿದ, ಅಪ್ಪನ ಕಾಲದಲ್ಲಿ ಬಿದ್ದದ್ದು ಎಂದ. ಅವಳು ಅದನ್ನು ಒತ್ತಿ ನೋಡಿ, ಪೈಪಿನ ನಡುಭಾಗದಲ್ಲಿದೆ, ಆಳವಿಲ್ಲ, ಮಡಿಕೆ ಬಿದ್ದಿಲ್ಲ, ಬಿರುಕಿಲ್ಲ, ಉಕ್ಕಿನ ಪೈಪಿಗೆ ಇಷ್ಟರಿಂದ ಭಯವಿಲ್ಲ ಎಂದಳು. ಪೇಂಟರ್‌ಗೆ ಪರೀಕ್ಷೆ ಪಾಸಾದಷ್ಟು ಸಮಾಧಾನವಾಯಿತು.

ಅವಳ ಬೆರಳು ಕೆಳಗಿನ ಪೈಪಿನ ಅಡಿಗೆ ಹೋಗಿ ಅಲ್ಲೇ ನಿಂತಿತು. ಹಿಂದೆ ಮುಂದೆ ಎರಡು ಸಲ ಸವರಿದಳು. ಟಾರ್ಚ್ ತರಿಸಿಕೊಂಡು ಬೆಳಕನ್ನು ಓರೆಯಾಗಿ ಹಿಡಿದಳು.

"ಭಾವ, ಇದು ಎಲ್ಲಿಗೆ ಗುದ್ದಿತ್ತು?"

"ಎಲ್ಲೂ ಗುದ್ದಿಲ್ಲ. ಯಾಕೆ?"

"ಇಲ್ಲಿ ಪೈಪು ಸುಕ್ಕು ಬಿದ್ದಿದೆ. ಮುಂದಿನಿಂದ ಪೆಟ್ಟು ತಿಂದ್ರೆ ಮಾತ್ರ ಇಲ್ಲಿ ಸುಕ್ಕು ಬೀಳೋದು. ಅದರ ಮೇಲೆ ನೀವೇನೋ ತುಂಬಿದ್ದೀರ."

ಪೇಂಟರ್ ಮುಖ ಕೆಂಪಾಯಿತು. ಅದು ಹಳೆ ಬಣ್ಣದ ದಪ್ಪ, ಎಂಥೆಂಥ ಗೋಡೆ ನೋಡಿದ್ದೇನೆ, ಬಣ್ಣ ಸೀಳುವುದು ನನಗೆ ಗೊತ್ತಿಲ್ಲವೇ ಎಂದು ಒಂದೇ ಸಮನೆ ಹೇಳಿದ. ಅವಳು ಜಗಳಕ್ಕೆ ನಿಲ್ಲಲಿಲ್ಲ. ಅಕ್ಕನ ಹೊಲಿಗೆ ಡಬ್ಬಿಯಿಂದ ದಾರ ಕೇಳಿ ತೆಗೆದುಕೊಂಡಳು. ಹಿಂದಿನ ಚಕ್ರ ಕೂರುವ ಸೀಳಿಗೆ ಒಂದು ಪಕ್ಕದಿಂದ ದಾರ ಕಟ್ಟಿ, ಮುಂದಿನ ಗಿಡ್ಡ ಪೈಪನ್ನು ಬಳಸಿ, ಮತ್ತೊಂದು ಪಕ್ಕದಿಂದ ಹಿಂದಕ್ಕೆ ತಂದು ಬಿಗಿದಳು. ಸೀಟಿನ ಪೈಪಿಗೂ ದಾರಕ್ಕೂ ಎಡಗಡೆ ಎಷ್ಟು ಅಂತರ, ಬಲಗಡೆ ಎಷ್ಟು ಅಂತರ ಎಂದು ಸ್ಕೇಲಿನಲ್ಲಿ ಅಳೆದಳು. ಎರಡೂ ಕಡೆ ಒಂದೇ ಇತ್ತು.

ಪೇಂಟರ್ ಎದೆಯುಬ್ಬಿಸಿದ. ನೋಡಿದೆಯಾ, ನೂಲು ಹಿಡಿದ ಹಾಗಿದೆ ಎಂದ. ಮಗಳು ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡುತ್ತಿದ್ದಳು.

ನಾದಿನಿ ಸಮಾಧಾನದಿಂದಲೇ ಹೇಳಿದಳು, ಸೈಕಲ್ ಎಡಕ್ಕೋ ಬಲಕ್ಕೋ ಸೊಟ್ಟಗಾಗಿದೆಯಾ ಅನ್ನುವುದನ್ನಷ್ಟೇ ದಾರ ಹೇಳುತ್ತದೆ. ಪೈಪು ಸೀಳಿದೆಯಾ ಇಲ್ಲವಾ ಅನ್ನುವುದು ದಾರಕ್ಕೆ ಗೊತ್ತಿಲ್ಲ. ಅದಕ್ಕೆ ಬಣ್ಣ ತೆಗೆದು ನೋಡಲೇಬೇಕು.

ಬಣ್ಣ ತೆಗೆಯುವ ಮಾತು ಕೇಳಿದ್ದೇ ಪೇಂಟರ್‌ಗೆ ರೇಗಿತು. ಎಂಟು ದಿನದ ಕೆಲಸ. ಅದೂ ಇವತ್ತು ಬೆಳಿಗ್ಗೆ ತಾನೇ ಒಣಗಿದೆ.

"ಆಗಿನ ಕಾಲದ ಉಕ್ಕು ಕಣಮ್ಮ ಇದು. ಈಗಿನ ತಗಡಲ್ಲ. ಗುದ್ದಿದ ಮೇಲೂ ಮೂರು ತಿಂಗಳು ಅಷ್ಟು ಭಾರ ಹೇರಿ ಓಡಿಸಿದ್ದೀನಿ, ಒಂದು ಸಲ ಕಿರ್ ಅಂದಿಲ್ಲ."

ಅವನು ನಾಲಿಗೆ ಕಚ್ಚಿಕೊಂಡ. ಹೆಂಡತಿ ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟಳು.

"ಗುದ್ದಿದ ಮೇಲೆ ಅಂದ್ರೆ ಏನ್ರೀ?"

ಇನ್ನು ಬಚ್ಚಿಡಲು ಆಗಲಿಲ್ಲ. ಕಲ್ಲುಕಂಬ, ಏಣಿ, ಸೊಟ್ಟಗಾದ ಚಕ್ರ ಎಲ್ಲ ಹೊರಗೆ ಬಂತು. ಔಷಧಿ ಅಂಗಡಿಯ ಬೋರ್ಡಿನ ವಿಷಯ ಮಾತ್ರ ಅವನು ಗಂಟಲಲ್ಲೇ ಇಟ್ಟುಕೊಳ್ಳಲು ನೋಡಿದ. ಹೆಂಡತಿ ಅದನ್ನೂ ಬಿಡಿಸಿಕೊಂಡಳು. ಬೇರೆ ದಿನವಾಗಿದ್ದರೆ ಮೂವರೂ ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದರು.

ನಾದಿನಿ ಅವನ ಡಬ್ಬಿಗಳ ಪಕ್ಕ ಬಿದ್ದಿದ್ದ ತಂತಿಯ ತುಂಡು ಎತ್ತಿಕೊಂಡಳು. ಬೋರ್ಡ್ ನೇತುಹಾಕಲು ಅವನು ಇಟ್ಟುಕೊಂಡಿದ್ದ ತಂತಿ.

"ಇಕ್ಕಳ ಇಲ್ಲದಾಗ ಇದನ್ನ ಹೇಗೆ ತುಂಡು ಮಾಡ್ತೀರ ಭಾವ?"

ಆ ಕಡೆ ಈ ಕಡೆ ಬಗ್ಗಿಸುತ್ತಾ ಇದ್ದರೆ ಒಂದು ಸಲ ತಾನಾಗಿ ತುಂಡಾಗುತ್ತದೆ ಎನ್ನುವುದು ಅವನಿಗೆ ಗೊತ್ತಿಲ್ಲದ್ದೇನಲ್ಲ.

"ಹತ್ತು ಸಲ ಬಗ್ಗಿಸಿದ್ರೂ ಏನೂ ಆಗಿರಲ್ಲ. ಹನ್ನೊಂದಕ್ಕೆ ಕೈಗೆ ಬರುತ್ತೆ. ಮೂರು ತಿಂಗಳು ಓಡಿದೆ ಅಂದ್ರೆ ಗಟ್ಟಿ ಇದೆ ಅಂತ ಅಲ್ಲ. ಮೂರು ತಿಂಗಳು ಸವೆದಿದೆ ಅಂತ. ಪ್ರತಿ ಹಳ್ಳಕ್ಕೂ ಪ್ರತಿ ಬ್ರೇಕಿಗೂ ಆ ಜಾಗ ಒಂದೊಂದು ಎಳೆ ಬಿಟ್ಟುಕೊಳ್ಳುತ್ತೆ. ಕೊನೆಗೆ ಯಾವಾಗ ಹೋಗುತ್ತೆ ಗೊತ್ತಾ? ಇಳಿಜಾರಲ್ಲಿ, ಜೋರಾಗಿ ಬ್ರೇಕ್ ಹಿಡಿದಾಗ."

ಪೇಂಟರ್ ಕಿವಿಗೆ ಹಾಕಿಕೊಳ್ಳದವನ ಹಾಗೆ ಹಿತ್ತಲಿಗೆ ಹೋದ. ಬ್ರಷ್‌ಗಳನ್ನು ಟರ್ಪೆಂಟೈನಿನಲ್ಲಿ ಅದ್ದಿ ಅದ್ದಿ ತೊಳೆದ. ಅವು ಬೆಳಿಗ್ಗೆಯೇ ತೊಳೆದಿಟ್ಟ ಬ್ರಷ್‌ಗಳು. ಸ್ಪ್ಯಾನರಮ್ಮ ಅಂಗಡಿಯಲ್ಲಿ ಪಂಕ್ಚರ್ ಹಾಕುವುದು ಬಿಟ್ಟು ತನಗೆ ಬುದ್ಧಿ ಹೇಳುವಷ್ಟು ದೊಡ್ಡವಳಾದಳೇ ಎಂದು ಮನಸ್ಸಿನಲ್ಲೇ ಹತ್ತು ಸಲ ಬೈದ. ಹನ್ನೊಂದನೆಯ ಸಲ ಬೈಯಲು ಹೋದಾಗ ಪುಟ್ಟಿ ತುಂಬುವ ಹೊತ್ತಿನ ನೆನಪು ಬಂತು. ಅವತ್ತು ಕೈಬೆರಳಿಗೆ ಆ ಉಬ್ಬು ಸಿಕ್ಕಿತ್ತು. ಒಂದು ಗಳಿಗೆ ಕೈ ತಡೆದಿತ್ತು. ಆಮೇಲೆ ಕೈ ಮುಂದುವರಿದಿತ್ತು.

ಮಗಳು ಹಿಂದೆಯೇ ಬಂದು ಒಗೆಯುವ ಕಲ್ಲಿನ ಮೇಲೆ ಕೂತಳು.

"ಅಪ್ಪ, ನನಗೆ ಇದೆಲ್ಲ ಅರ್ಥ ಆಗಲ್ಲ. ಓಡಿಸಬಹುದು ಅಂತ ನೀವು ಹೇಳಿ, ನಾನು ಸೋಮವಾರ ಅದರಲ್ಲೇ ಹೋಗ್ತೀನಿ."

ಅವಳು ಸಿಟ್ಟಿನಿಂದ ಹೇಳಲಿಲ್ಲ. ನಿಜವಾಗಿಯೂ ಅಪ್ಪನನ್ನು ನಂಬಿ ಹೇಳಿದಳು. ಓಡಿಸಬಹುದು ಎಂಬ ಒಂದು ಮಾತು ಪೇಂಟರ್ ಬಾಯಿಂದ ಬರಲಿಲ್ಲ. ಆಗ ಅವನಿಗೆ ತಾನು ಹೆದರಿದ್ದೇನೆ ಎನ್ನುವುದು ಸ್ಪಷ್ಟವಾಯಿತು. ಹೆದರಿಕೆ ಬಣ್ಣ ಹಾಳಾಗುವುದಕ್ಕಲ್ಲ, ಬಣ್ಣದ ಕೆಳಗೆ ಏನಿದೆ ಎನ್ನುವುದಕ್ಕೆ.

ಅವನು ಎದ್ದು ಒಳಗೆ ಬಂದ. ಅಗಲ ಬಾಯಿಯ ಕೆರೆಯುವ ಪಟ್ಟಿ ತೆಗೆದುಕೊಂಡು ಸೈಕಲ್ ಮುಂದೆ ಕೂತ. ನಾದಿನಿ ತಾನು ಕೆರೆಯುತ್ತೇನೆ ಎಂದರೆ ಕೊಡಲಿಲ್ಲ. "ನಾನು ಬಳಿದದ್ದು, ನಾನೇ ತೆಗೀತೀನಿ" ಎಂದ. ಚಿನ್ನದ ಗೆರೆ ಸುರುಳಿ ಸುರುಳಿಯಾಗಿ ಎದ್ದು ಬಂತು. ಹಸಿರು ಬಂತು, ಅದರಡಿಯ ಹಳೆ ಬಣ್ಣ ಬಂತು, ಪುಟ್ಟಿ ಉದುರಿತು. ಒಂದು ಗೇಣು ಉದ್ದ ಪೈಪು ಬರಿಗಬ್ಬಿಣವಾಗುವವರೆಗೆ ಅವನು ತಲೆ ಎತ್ತಲಿಲ್ಲ.

ಬರಿಗಣ್ಣಿಗೆ ಸುಕ್ಕು ಕಂಡಿತು, ಬಿರುಕು ಕಾಣಲಿಲ್ಲ. ನೋಡು, ಏನೂ ಇಲ್ಲ ಎನ್ನುವ ಆಸೆ ಅವನ ಮುಖದ ಮೇಲೆ ಬಂದು ಹೋಯಿತು. ನಾದಿನಿ ಸೀಮೆಎಣ್ಣೆ ಮತ್ತು ಸೀಮೆಸುಣ್ಣದ ಪುಡಿ ಕೇಳಿದಳು. ಪುಡಿಗೇನು ಬರ, ಪುಟ್ಟಿ ಮಾಡಲು ತಂದದ್ದು ಅರ್ಧ ಡಬ್ಬಿ ಉಳಿದಿತ್ತು. ಅವಳು ಆ ಜಾಗಕ್ಕೆ ಸೀಮೆಎಣ್ಣೆ ಹಚ್ಚಿ ಅರ್ಧ ಗಂಟೆ ಬಿಡಬೇಕೆಂದಳು. ಬಿರುಕಿದ್ದರೆ ಎಣ್ಣೆ ಒಳಕ್ಕಿಳಿಯುತ್ತದೆ. ಆಮೇಲೆ ಮೇಲೆಲ್ಲ ಚೆನ್ನಾಗಿ ಒರೆಸಿ ಪುಡಿ ಸವರಿದರೆ, ಒಳಗೆ ಕೂತ ಎಣ್ಣೆ ಮೆಲ್ಲಗೆ ಹೊರಬಂದು ಪುಡಿಯನ್ನು ನೆನೆಸುತ್ತದೆ.

ಕಾಯುವಾಗ ಅವಳು ಇನ್ನೊಂದು ಮಾತು ಹೇಳಿದಳು.

"ಗೆರೆ ಬರದೇ ಇದ್ರೂ, ಜೋಡಣೆ ಹತ್ರ ಇಂಥ ಸುಕ್ಕು ಬಿದ್ದಿರೋ ಸೈಕಲ್ ನಾನಂತೂ ಅವಳಿಗೆ ಕೊಡಲ್ಲ. ಗೆರೆ ಬಂದ್ರೆ ನೀವೂ ಕೊಡಲ್ಲ."

ಅರ್ಧ ಗಂಟೆ ಆಯಿತು. ಅವಳು ಒರೆಸಿದಳು, ಒಣಬಟ್ಟೆಯಲ್ಲಿ ಮತ್ತೊಮ್ಮೆ ಒರೆಸಿದಳು, ಪುಡಿಯನ್ನು ಬೆರಳಿನಿಂದ ತೆಳ್ಳಗೆ ಸವರಿದಳು. ಪೈಪು ಬೆಳ್ಳಗೆ ಕಾಣುತ್ತಿತ್ತು. ನಾಲ್ವರೂ ಬಗ್ಗಿ ನೋಡುತ್ತಿದ್ದರು. ಮೊದಲು ಒಂದು ಚುಕ್ಕೆ ಕಪ್ಪಾಯಿತು. ಪಕ್ಕದಲ್ಲಿ ಇನ್ನೊಂದು. ಆಮೇಲೆ ಎರಡೂ ಸೇರಿ ಗೆರೆಯಾಗಿ, ಪೈಪಿನ ಅಡಿಯಿಂದ ಎರಡೂ ಪಕ್ಕಕ್ಕೆ ಮೇಲೇರಿತು. ಅವನು ಪುಟ್ಟಿ ತುಂಬಿದ್ದು ಉಗುರುದ್ದ. ಈಗ ಕಂಡದ್ದು ಪೈಪಿನ ಅರ್ಧ ಸುತ್ತಿಗಿಂತ ಹೆಚ್ಚಿತ್ತು.

ಹೆಂಡತಿ ಮಗಳ ಕೈ ಹಿಡಿದುಕೊಂಡಳು. ಪೇಂಟರ್ ತಲೆ ತಗ್ಗಿಸಿ, ಇದು ನನ್ನ ಕೈಗೆ ಸಿಕ್ಕಿತ್ತು, ಆದರೂ ಮುಚ್ಚಿದೆ ಎಂದ. ಯಾರೂ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ.

ಆಸೆ ಅಷ್ಟು ಸುಲಭಕ್ಕೆ ಬಿಡುತ್ತದೆಯೇ? ಸ್ವಲ್ಪ ಹೊತ್ತಿನ ಮೇಲೆ ಅವನು, ಗೇಟು ಕಿಟಕಿ ಮಾಡುವ ವೆಲ್ಡಿಂಗ್‌ನವನ ಹತ್ತಿರ ಒಂದು ಬೆಸುಗೆ ಹಾಕಿಸಿದರೆ ಹೇಗೆ ಎಂದು ಕೇಳಿದ. ನಾದಿನಿ ಬೇಡವೆಂದಳು. ಗೇಟಿನ ಕಬ್ಬಿಣ ದಪ್ಪ, ಈ ಪೈಪಿನ ಗೋಡೆ ಉಗುರಿನಷ್ಟು ತೆಳು. ಆ ಶಾಖಕ್ಕೆ ಬೆಸುಗೆಯ ಪಕ್ಕದ ಜಾಗ ಸತ್ವ ಕಳೆದುಕೊಂಡು, ಮುಂದಿನ ಸಲ ಅಲ್ಲೇ ಮುರಿಯುತ್ತದೆ. ಬಡಿದು ನೇರ ಮಾಡಿದರೂ ಅಷ್ಟೇ. ಪೂರ್ತಿ ಪೈಪನ್ನೇ ಬದಲಾಯಿಸುವ ಪಳಗಿದ ಕೈಗಳು ಇವೆ, ಆದರೆ ಈ ಸೈಕಲ್ಲಿನಲ್ಲಿ ಅದೇ ಪೆಟ್ಟು ಜೋಡಣೆಗೂ ತಗುಲಿರುತ್ತದೆ. "ನನಗೆ ಗೊತ್ತಿಲ್ಲದ ಕೆಲಸ ನಾನು ಮಾಡಲ್ಲ ಭಾವ, ಅದೂ ಇವಳು ಕೂರೋ ಸೈಕಲ್ ಮೇಲೆ" ಎಂದಳು.

ಭಾನುವಾರ ಬೆಳಿಗ್ಗೆ ಅವಳು ತನ್ನ ಅಂಗಡಿಯಿಂದ ಒಂದು ಸೈಕಲ್ ತಳ್ಳಿಕೊಂಡು ಬಂದಳು. ಬೂದಿ ಬಣ್ಣದ್ದು. ಕುಸುರಿಯೂ ಇಲ್ಲ, ಬಿಲ್ಲೆಯೂ ಇಲ್ಲ, ನೋಡಿದರೆ ಎರಡನೇ ಸಲ ನೋಡಬೇಕೆನಿಸದ ಮುಖ. ಆದರೆ ಪೆಟ್ಟು ತಿಂದದ್ದಲ್ಲ ಎಂದಳು. ಪೇಂಟರ್ ಅವಳ ಮಾತನ್ನೂ ನಂಬಲಿಲ್ಲ. ತಾನೇ ನೋಡುತ್ತೇನೆ ಎಂದು ಕೂತ. ಒಂದೊಂದು ಪೈಪಿನ ಅಡಿಗೂ ಬೆರಳಾಡಿಸಿದ. ಜೋಡಣೆಗಳ ಸುತ್ತ ಟಾರ್ಚನ್ನು ಓರೆ ಹಿಡಿದು ನೋಡಿದ. ಸೀಟು ಕಳಚಿ ಪೈಪಿನೊಳಗೆ ತುಕ್ಕು ಹಿಡಿದಿದೆಯೇ ಎಂದು ಇಣುಕಿದ. ಮುಂದಿನ ಫೋರ್ಕಿನ ಎರಡು ಕಾಲೂ ಒಂದೇ ಸಮ ಇವೆಯೇ ಎಂದು ಪಕ್ಕದಿಂದ ನೋಡಿದ. ದಾರ ಕಟ್ಟಿದ, ಅಳೆದ. ಒಂದು ಕಡೆ ಬಣ್ಣದಲ್ಲಿ ಗೀರು ಕಂಡಾಗ ಅಲ್ಲೂ ಕೆರೆದು ಪುಡಿ ಹಚ್ಚಿದ. ಪುಡಿ ಬೆಳ್ಳಗೇ ಉಳಿಯಿತು. ನಾದಿನಿ ಟೀ ಕುಡಿಯುತ್ತಾ, ಭಾವನಿಗೆ ನನ್ನ ಅಂಗಡಿಯಲ್ಲೇ ಒಂದು ಕೆಲಸ ಕೊಡಬಹುದು ಎಂದು ಅಕ್ಕನಿಗೆ ಹೇಳಿದಳು.

ಹಳೆ ಸೈಕಲ್ಲಿನ ಸೀಟನ್ನೂ ಕ್ಯಾರಿಯರನ್ನೂ ಬಿಚ್ಚಿ ಹೊಸದಕ್ಕೆ ಹಾಕಲು ಅವಳು ಒಪ್ಪಿದಳು. ಹ್ಯಾಂಡಲ್ ಮತ್ತು ಫೋರ್ಕ್ ಬೇಡ, ಅವೂ ಅದೇ ಪೆಟ್ಟು ತಿಂದಿವೆ ಎಂದಳು.

ಅಷ್ಟರಲ್ಲಿ ಪಕ್ಕದ ಮನೆಯ ನಿವೃತ್ತ ಕಂಡಕ್ಟರ್ ಬಂದರು. ಅವರ ಕಣ್ಣು ಆ ಹಳೆ ಸೈಕಲ್ಲಿನ ಮೇಲೆ ಎಷ್ಟೋ ವರ್ಷದಿಂದ ಇತ್ತು. ವಿಷಯ ಎಲ್ಲ ಕೇಳಿಯೂ, ಅದನ್ನು ತಮಗೆ ಕೊಡಬಹುದಲ್ಲ ಎಂದರು. ತಮಗೆ ಇಳಿಜಾರಿನ ಕೆಲಸವಿಲ್ಲ, ಅಂಗಡಿಗೆ ಹೋಗಿ ಬರುವುದಕ್ಕೆ ಸಾಕು, ನಿಧಾನಕ್ಕೆ ಓಡಿಸುತ್ತೇನೆ, ಆ ಗೇಣುದ್ದಕ್ಕೆ ಮತ್ತೆ ಪುಟ್ಟಿ ತುಂಬಿ ಬಣ್ಣ ಹೊಡೆದರಾಯಿತು ಎಂದು ಒತ್ತಾಯಿಸಿದರು.

ಪೇಂಟರ್ ಇಲ್ಲ ಎಂದ. ಕಂಡಕ್ಟರ್ ಮತ್ತೆ ಕೇಳಿದರು. ಗೋಡೆಗೆ ನೇತುಹಾಕಿಕೊಳ್ಳುತ್ತೇನೆ, ಅಷ್ಟಾದರೂ ಆಗಲಿ ಎಂದರು.

ಗೋಡೆಯ ಮಾತು ಪೇಂಟರ್ ಮನಸ್ಸಿನಲ್ಲೂ ಇತ್ತು. ತನ್ನ ಮನೆಯ ಗೋಡೆಗೇ ಹಾಕಿಕೊಳ್ಳೋಣವೆಂದು ಅವನು ರಾತ್ರಿಯಿಂದ ಯೋಚಿಸಿದ್ದ. ಆದರೆ ಈಗ ಕಂಡಕ್ಟರ್ ಬಾಯಿಂದ ಕೇಳಿದಾಗ ಅವನಿಗೆ ಮುಂದಿನದ್ದು ಹೊಳೆಯಿತು. ಇವತ್ತು ಗೋಡೆಯ ಮೇಲೆ ಇರುತ್ತದೆ. ಒಂದು ದಿನ ಮನೆಯ ಯಾರದೋ ಸೈಕಲ್ ಪಂಕ್ಚರ್ ಆಗಿರುತ್ತದೆ, ಅವಸರ ಇರುತ್ತದೆ. ಹತ್ತು ವರ್ಷ ಕಳೆದ ಮೇಲೆ ಬಿರುಕಿನ ಕಥೆ ಯಾರಿಗೆ ನೆನಪಿರುತ್ತದೆ? ಸೀಟು ತಟ್ಟಿ ಚೆನ್ನಾಗಿದೆ ಎನ್ನುವವರು ಎಲ್ಲ ಮನೆಯಲ್ಲೂ ಇದ್ದಾರೆ. ಅವನು ಗರಗಸ ತಂದ.

"ರೀ, ಮಾವನ ಸೈಕಲ್ ಅದು" ಎಂದಳು ಹೆಂಡತಿ.

"ಅಪ್ಪ ಇದ್ದಿದ್ರೂ ಇದನ್ನೇ ಮಾಡ್ತಿದ್ರು" ಎಂದ ಪೇಂಟರ್. ಅವನ ಕಣ್ಣು ತುಂಬಿತ್ತು.

ಅಂಗಳದಲ್ಲಿ ಫ್ರೇಮನ್ನು ಕಾಲಿನಿಂದ ಒತ್ತಿ ಹಿಡಿದು ಮೊದಲು ಮೇಲಿನ ಪೈಪನ್ನು ಕುಯ್ದ. ಗಟ್ಟಿ ಉಕ್ಕು, ಹೇಳಿದ ಹಾಗೇ ಇತ್ತು. ಬೆವರು ಇಳಿಯಿತು, ಎರಡು ಬ್ಲೇಡು ಮುರಿದವು. ಕೊನೆಗೆ ಪೈಪು ತುಂಡಾಯಿತು. ಕೆಳಗಿನ ಪೈಪನ್ನು ಕುಯ್ಯಲು ಅನುಕೂಲವಾಗಲಿ ಎಂದು ಮುಂದಿನ ತುದಿಯನ್ನು ಹಿಡಿದು ಒಂದು ಕಡೆಗೆ ತಿರುಗಿಸಿದ. ಟಕ್ ಎಂದು ಸದ್ದಾಯಿತು. ಮುಂದಿನ ಭಾಗ ಅವನ ಕೈಗೇ ಬಂತು. ಕೆಳಗಿನ ಪೈಪಿಗೆ ಗರಗಸ ಇನ್ನೂ ಮುಟ್ಟಿರಲೇ ಇಲ್ಲ.

ನಾದಿನಿ ಮುರಿದ ಬಾಯಿಯನ್ನು ಬೆಳಕಿಗೆ ತಿರುಗಿಸಿ ತೋರಿಸಿದಳು. ಪೈಪಿನ ಅಂಚು ಮುಕ್ಕಾಲು ಪಾಲು ತುಕ್ಕು ಹಿಡಿದು ಕಂದುಬಣ್ಣಕ್ಕೆ ತಿರುಗಿತ್ತು. ಅದು ಎಂದೋ ಸೀಳಿದ್ದ ಭಾಗ. ಮೇಲುಗಡೆ ಒಂದು ಸ್ವಲ್ಪ ಮಾತ್ರ ಬೆಳ್ಳಗೆ ಹೊಳೆಯುತ್ತಿತ್ತು. ಈಗಷ್ಟೇ ಮುರಿದದ್ದು ಅದು. ಇಷ್ಟು ದಿನ ಸೈಕಲ್ಲನ್ನು ಹಿಡಿದಿದ್ದದ್ದು ಅಷ್ಟೇ.

ಮಗಳು ಬಗ್ಗಿ ಆ ಹೊಳೆಯುವ ಜಾಗದ ಮೇಲೆ ಹೆಬ್ಬೆರಳಿಟ್ಟಳು. ಬೆರಳಿನಡಿ ಅದು ಪೂರ್ತಿ ಮುಚ್ಚಿಹೋಯಿತು.

"ನಾಳೆ ನಾನು ಇಷ್ಟರ ಮೇಲೆ ಹೋಗ್ತಿದ್ದೆ" ಎಂದಳು.

ಪೇಂಟರ್ ಮೆಟ್ಟಿಲ ಮೇಲೆ ಕೂತುಬಿಟ್ಟ. ಕಂಡಕ್ಟರ್ ತಮ್ಮ ಮನೆಗೆ ಹೋದರು. ಐದು ನಿಮಿಷದಲ್ಲಿ ತಮ್ಮ ಸೈಕಲ್ ತಳ್ಳಿಕೊಂಡು ವಾಪಸ್ ಬಂದು, ಇದನ್ನೂ ಒಂದು ಸಲ ನೋಡಮ್ಮ ಎಂದು ನಾದಿನಿಯ ಮುಂದೆ ನಿಲ್ಲಿಸಿದರು.

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮನೆಯಲ್ಲೂ ಒಂದು ಹಳೆ ಸೈಕಲ್ ಇದ್ದರೆ ಇವತ್ತೇ ಅದನ್ನು ಬೆಳಕಿಗೆ ತನ್ನಿ. ಹ್ಯಾಂಡಲ್ ಹಿಂದೆ, ಪೈಪುಗಳ ಅಡಿಯಲ್ಲಿ, ಕಣ್ಣಿಗೆ ಬೀಳದ ಜಾಗದಲ್ಲಿ ಬೆರಳಾಡಿಸಿ. ನಡುವೆ ಬಿದ್ದ ಸಣ್ಣ ನೆಗ್ಗಿಗೆ ಹೆದರಬೇಡಿ. ಜೋಡಣೆಯ ಹತ್ತಿರ ಸುಕ್ಕೋ ಉಬ್ಬೋ ಸಿಕ್ಕರೆ, ಬಣ್ಣ ಅಡ್ಡಕ್ಕೆ ಸೀಳಿದ್ದರೆ ಓಡಿಸುವುದನ್ನು ಅಲ್ಲಿಗೇ ನಿಲ್ಲಿಸಿ, ಬಲ್ಲವರಿಗೆ ತೋರಿಸಿ. ಅವರು ಕೇಳಿದಾಗ ಎಲ್ಲಿಗೆ ಗುದ್ದಿತ್ತು ಎನ್ನುವುದನ್ನು ನಾಚಿಕೆ ಬಿಟ್ಟು ಹೇಳಿ, ನೀವು ಯಾವ ಬೋರ್ಡ್ ನೋಡುತ್ತಿದ್ದಿರಿ ಎಂದು ಅವರಿಗೆ ಬೇಕಾಗಿಲ್ಲ. ಅನುಮಾನ ಉಳಿದರೆ ಓಡಿಸಬೇಡಿ, ಬೇರೆಯವರಿಗೂ ದಾಟಿಸಬೇಡಿ. ಪರೀಕ್ಷಿಸಲು ಬೇಕಾದದ್ದು ಒಂದು ದಾರ, ಸ್ವಲ್ಪ ಸೀಮೆಎಣ್ಣೆ, ಒಂದು ಹಿಡಿ ಸೀಮೆಸುಣ್ಣದ ಪುಡಿ. ಮುಂದಿನ ಸಲ ನಿಮ್ಮ ಮಗಳು ಬಂದು, ಅಪ್ಪ, ಇದನ್ನು ಓಡಿಸಬಹುದಾ ಎಂದು ಕೇಳಿದಾಗ ಸೀಟು ತಟ್ಟಿ ಉತ್ತರ ಕೊಡಬೇಡಿ. ನೋಡಿ ಹೇಳುತ್ತೇನೆ ಎನ್ನಿ, ನೋಡಿಯೇ ಹೇಳಿ.